ಬೆಳೆಯುವ ಪಾದಕ್ಕೆ ಬಿಟ್ಟ ಒಂದು ಬೆರಳು

ನೆನೆಸಿಟ್ಟ ತೊಗಲನ್ನು ಬೋಗುಣಿಯಿಂದ ಎತ್ತಿ, ಎರಡು ಅಂಗೈಗಳ ನಡುವೆ ಒತ್ತಿ ನೀರು ಇಳಿಸುತ್ತಿದ್ದಾರೆ ಬೂಟಕ್ಕ. ಬಟ್ಟೆಯ ಹಾಗೆ ಹಿಂಡುವಂತಿಲ್ಲ. ಹಿಂಡಿದರೆ ಸುಕ್ಕು ಬೀಳುತ್ತದೆ, ಸುಕ್ಕು ಬಿದ್ದ ಕಡೆ ಮಗುವಿನ ಚರ್ಮ ಕೆಂಪಾಗುತ್ತದೆ. ಹೊರಗೆ ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಪಕ್ಕದ ಒಲೆಯ ಮೇಲೆ ಹಾಲಿದೆ, ಅದರ ಮೇಲೂ ಒಂದು ಕಣ್ಣು. ಮುಂದಿನ ಮಣೆಯ ಮೇಲೆ ಮರದ ಅಚ್ಚೊಂದು ಕೂತಿದೆ. ನಾಲ್ಕು ಬೆರಳು ಅಗಲದಷ್ಟು ಉದ್ದ, ಪುಟ್ಟ ಪಾದದ ಆಕಾರ. ಒದ್ದೆ ತೊಗಲನ್ನು ಅದಕ್ಕೆ ಹೊದಿಸಿ, ಹಿಮ್ಮಡಿಯಿಂದ ಶುರುಮಾಡಿ ಮುಂದಕ್ಕೆ ಹೆಬ್ಬೆರಳಿನಿಂದ ತೀಡುತ್ತಾ ಬರುತ್ತಾರೆ. ಎಳೆಗೂಸಿಗೆ ಎಣ್ಣೆ ತೀಡುವವರ ಕೈ ಹೀಗೆಯೇ ಓಡುತ್ತದೆ.

"ಹಾಲು!" ಅಂತ ಒಳಗಿನ ಕೋಣೆಯಿಂದ ಯಜಮಾನರ ದನಿ.

"ಕಂಡಿದೆ. ಅಲ್ಲಿಂದ ಕೂಗೋ ಬದಲು ಎದ್ದು ಬಂದು ಇಳಿಸಿದ್ರೆ ನಿಮ್ಮ ಗಂಟೇನು ಹೋಗುತ್ತೆ?"

"ನಾನೇ ಇಳಿಸಿದ್ರೆ ಬೆಳಿಗ್ಗೆ ಬೆಳಿಗ್ಗೆ ನಿನಗೆ ಬೈಯೋಕೆ ಯಾರು ಸಿಗ್ತಾರೆ?"

ಬೂಟಕ್ಕ ಮೊಣಕೈಯಿಂದಲೇ ಒಲೆಯ ತಿರುಗಣೆ ಆರಿಸುತ್ತಾರೆ. ಅಚ್ಚಿನ ಮೇಲಿನ ಕೈ ಮಾತ್ರ ಕದಲುವುದಿಲ್ಲ.

ಇವರು ಮಾಡುವುದು ಅಂಗಡಿಯಲ್ಲಿ ಸಿಗುವ ಬೂಟಲ್ಲ. ಕೆಲವು ಮಕ್ಕಳು ಹುಟ್ಟುವಾಗಲೇ ಪಾದ ಒಳಕ್ಕೆ ತಿರುಗಿಸಿಕೊಂಡು ಬರುತ್ತವೆ. ಅಂಗಾಲಿಗೆ ಅಂಗಾಲು ಎದುರಾಗಿ, ನಾವು ಕೈ ಮುಗಿದ ಹಾಗೆ ಅವು ಕಾಲು ಮುಗಿದುಕೊಂಡಿರುತ್ತವೆ. ಮೂಳೆ ಡಾಕ್ಟರು ವಾರಕ್ಕೊಮ್ಮೆ ಪಾದವನ್ನು ಸ್ವಲ್ಪ ಸ್ವಲ್ಪವೇ ಹೊರಕ್ಕೆ ತಿರುಗಿಸಿ ಪ್ಲಾಸ್ಟರ್ ಹಾಕುತ್ತಾರೆ. ಒಂದೂವರೆ ತಿಂಗಳಲ್ಲಿ ಪಾದ ನೆಟ್ಟಗಾಗುತ್ತದೆ. ಆದರೆ ಅದು ತನ್ನ ಹಳೆಯ ಜಾಗವನ್ನು ಮರೆಯುವುದಿಲ್ಲ, ಬಿಟ್ಟರೆ ಮತ್ತೆ ಅಲ್ಲಿಗೇ ಹೋಗುತ್ತದೆ. ಹೋಗದಿರಲು ಎರಡು ಬೂಟು, ಎರಡನ್ನೂ ಹೊರಮುಖವಾಗಿ ಹಿಡಿದಿಡುವ ಒಂದು ಸರಳು. ಮೊದಲ ಮೂರು ತಿಂಗಳು ಹಗಲೂ ರಾತ್ರಿ, ಆಮೇಲೆ ಮಲಗುವಾಗ ಮಾತ್ರ, ನಾಲ್ಕು ವರ್ಷ ತುಂಬುವ ತನಕ. ಆ ಬೂಟನ್ನು ಇಪ್ಪತ್ತೆರಡು ವರ್ಷಗಳಿಂದ ಹೊಲಿಯುತ್ತಾ ಬಂದಿರುವವರು ಇವರು.

"ತಿರುಗಿಸೋದು ಡಾಕ್ಟರು. ತಿರುಗಿದ್ದು ವಾಪಸ್ ಹೋಗದ ಹಾಗೆ ಹಿಡ್ಕೊಳ್ಳೋದು ನಾನು ಮತ್ತೆ ಆ ಮಗುವಿನ ತಾಯಿ," ಎನ್ನುತ್ತಾರೆ ಬೂಟಕ್ಕ. "ತಿರುಗಿಸೋಕೆ ಆರು ವಾರ. ಹಿಡ್ಕೊಳ್ಳೋಕೆ ನಾಲ್ಕು ವರ್ಷ. ಅದೂ ಅಳೋ ಮಗೂನ."

ಮೊದಲು ಅವರು ಸೂಟ್‌ಕೇಸ್ ಕಾರ್ಖಾನೆಯಲ್ಲಿ ಹಿಡಿಕೆ ಹೊಲಿಯುತ್ತಿದ್ದರಂತೆ. ಕಾರ್ಖಾನೆ ಮುಚ್ಚಿತು. ಆಸ್ಪತ್ರೆಯ ಬೂಟಿನ ಕಮ್ಮಟದಲ್ಲಿದ್ದ ಮುದುಕ ಮೇಸ್ತ್ರಿಗೆ ಕಣ್ಣು ಮಂಜಾಗಿ, ಸೂಜಿಗೆ ದಾರ ಪೋಣಿಸಿಕೊಡಲು ಒಬ್ಬರು ಬೇಕಾಗಿತ್ತು. ದಾರ ಪೋಣಿಸಲು ಹೋದವರು ಪಟ್ಟಿ ಹೊಲಿದರು, ಪಟ್ಟಿ ಹೊಲಿದವರು ಅಟ್ಟೆ ಕತ್ತರಿಸಿದರು, ಮೇಸ್ತ್ರಿ ತೀರಿಕೊಂಡ ಮೇಲೆ ಅವರ ಸ್ಟೂಲಿನ ಮೇಲೆ ಕೂತರು. ಇವತ್ತಿಗೂ ಗುತ್ತಿಗೆ ಕೆಲಸ. ಕಮ್ಮಟ ಇರುವುದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ. ತಲೆಯ ಮೇಲೆ ನೀರಿನ ಪೈಪುಗಳು, ಮೂಲೆಯಲ್ಲಿ ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿದ ತೂತು ಹೊಡೆಯುವ ಯಂತ್ರ, ಗೋಡೆಯುದ್ದಕ್ಕೂ ಅಳತೆವಾರು ಮರದ ಅಚ್ಚುಗಳು. ಇರುವ ಒಂದೇ ಕಿಟಕಿ ರಸ್ತೆಯ ಮಟ್ಟಕ್ಕಿದೆ. ಅಲ್ಲಿಂದ ಕಾಣುವುದು ಹೋಗಿಬರುವವರ ಕಾಲು ಮಾತ್ರ. ಯಾರ ಹಿಮ್ಮಡಿ ಒಂದೇ ಕಡೆ ಸವೆದಿದೆ, ಯಾರಿಗೆ ಚಪ್ಪಲಿ ಕಚ್ಚುತ್ತಿದೆ, ಯಾರು ಹೊಸ ಬೂಟು ಹಾಕಿಕೊಂಡು ಜಂಬ ಮಾಡುತ್ತಿದ್ದಾರೆ, ಎಲ್ಲದಕ್ಕೂ ಬೂಟಕ್ಕನ ಬಳಿ ಒಂದೊಂದು ಮಾತಿರುತ್ತದೆ.

ಲಾಕ್‌ಡೌನ್ ಬಂದ ಮರುದಿನ ಆ ಕಿಟಕಿಯಲ್ಲಿ ಒಂದು ಕಾಲೂ ಇರಲಿಲ್ಲ.

ಅದನ್ನು ಹೇಳುವಾಗ ಬೂಟಕ್ಕ ಕೈಯಲ್ಲಿದ್ದ ಸೂಜಿಯನ್ನು ಸೆರಗಿಗೆ ಚುಚ್ಚಿಟ್ಟು ಕೂರುತ್ತಾರೆ. "ಇಡೀ ಆಸ್ಪತ್ರೆ ಜ್ವರದೋರಿಗೆ ಅಂದ್ರು. ಮಕ್ಕಳ ಕಾಲಿನ ವಿಭಾಗ ಬಂದ್. ನಮ್ಮ ಕಮ್ಮಟಕ್ಕೆ ಬೀಗ. ಗುತ್ತಿಗೆಯವರೆಲ್ಲ ಮನೆಗೆ ಹೋಗಿ, ಕರೆದಾಗ ಬನ್ನಿ ಅಂದ್ರು. ಸಂಬಳದ ಮಾತು ಯಾರೂ ಎತ್ತಲಿಲ್ಲ, ಕೇಳೋ ಧೈರ್ಯ ನಮಗೂ ಇರಲಿಲ್ಲ. ಜನ ಸಾಯ್ತಾ ಇರೋವಾಗ ಬೂಟಿನ ಮಾತು ಯಾರು ಎತ್ತಬೇಕು ಹೇಳಿ. ಆದ್ರೆ ಮಕ್ಕಳ ಪಾದಕ್ಕೆ ಲಾಕ್‌ಡೌನ್ ಗೊತ್ತಾಗುತ್ತಾ? ಅದರ ಪಾಡಿಗೆ ಅದು ಬೆಳೀತಾನೇ ಇರುತ್ತೆ."

ಎಳೆಮಗುವಿನ ಬೂಟು ಮೂರು ನಾಲ್ಕು ತಿಂಗಳಿಗೇ ಚಿಕ್ಕದಾಗುತ್ತದೆ. ತಾಯಂದಿರ ಫೋನು ಶುರುವಾಯಿತು. ಬೆರಳು ಮುಂದಕ್ಕೆ ಇಳಿಬೀಳುತ್ತಿದೆ, ಹಾಕಿದರೆ ಚೀರುತ್ತದೆ, ಏನು ಮಾಡಲಿ ಅಕ್ಕ? ಒಬ್ಬರು ಬೂಟಿನ ಮೂತಿ ಕತ್ತರಿಸಿದ್ದರು. ಇನ್ನೊಬ್ಬರು ಬೂಟು ಬಿಟ್ಟು ಹಳೇ ಬಟ್ಟೆಯಲ್ಲಿ ಎರಡು ಕಾಲನ್ನೂ ಹಲಗೆಗೆ ಕಟ್ಟಿದ್ದರು. ಕೆಲವರು ಫೋನಿನಲ್ಲಿ ಪಾದದ ಫೋಟೋ ಕಳಿಸಿದರು. "ಫೋನಲ್ಲಿ ಆನೆ ಕಾಲೂ ಅಷ್ಟೇ, ಇರುವೆ ಕಾಲೂ ಅಷ್ಟೇ. ಅದರಲ್ಲಿ ಏನು ಅಳತೆ ತಗೊಳ್ಳಲಿ?"

ಮೂಳೆ ಡಾಕ್ಟರಮ್ಮನನ್ನು ಆಗ ಜ್ವರದ ವಾರ್ಡಿಗೆ ಹಾಕಿದ್ದರು. ಮುಖಗವಸಿನ ಗೀರು ಕೆನ್ನೆಯ ಮೇಲೆ ಉಳಿದೇಬಿಟ್ಟಿದ್ದ ದಿನಗಳು. ಬೂಟಕ್ಕ ಆಸ್ಪತ್ರೆಯ ಗೇಟಿನ ಹೊರಗೆ ನಿಂತು ಅವರಿಗೆ ಫೋನು ಮಾಡಿದರು. ಡಾಕ್ಟರಮ್ಮ ಕಮ್ಮಟದ ಬೀಗ ತೆಗೆಸಿ, ಅಚ್ಚುಗಳನ್ನೂ ತೊಗಲನ್ನೂ ಮನೆಗೆ ಒಯ್ಯಲು ಅನುಮತಿ ಕೊಡಿಸಿ, ಓಡಾಡಲು ಒಂದು ಪಾಸು ಬರೆದುಕೊಟ್ಟರು. ಅಳತೆಗೆ ಉಪಾಯವನ್ನೂ ಅವರೇ ಹೇಳಿದರು: ಮಗುವಿನ ಪಾದವನ್ನು ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು ಕಳಿಸಲಿ.

ಯಜಮಾನರು ಶಾಲೆಯ ವ್ಯಾನು ಓಡಿಸುವವರು. ಶಾಲೆ ಮುಚ್ಚಿ ವ್ಯಾನು ಮನೆಯ ಮುಂದೆ ಧೂಳು ತಿನ್ನುತ್ತಿತ್ತು. ಮಕ್ಕಳನ್ನು ಹೊರುತ್ತಿದ್ದ ಆ ಹಳದಿ ವ್ಯಾನಿನಲ್ಲಿ ಈಗ ಬೂಟಿನ ಪೆಟ್ಟಿಗೆಗಳು ಹೊರಟವು. ಹೋಗುವಾಗ ಬೂಟು, ಬರುವಾಗ ಗೆರೆ ಎಳೆದ ಕಾಗದ. ಕ್ಯಾಲೆಂಡರಿನ ಬೆನ್ನು, ಸಿಮೆಂಟ್ ಚೀಲದ ಕಾಗದ, ಮದುವೆಯ ಆಮಂತ್ರಣ ಪತ್ರಿಕೆ. ಮನೆಯಲ್ಲಿ ಏನು ಸಿಕ್ಕಿತೋ ಅದರ ಮೇಲೆ ಒಂದೊಂದು ಪುಟ್ಟ ಪಾದ.

ಒಂದು ನಾಕಾಬಂದಿಯ ಕತೆಯನ್ನು ಯಜಮಾನರು ಎದ್ದು ನಿಂತು ಅಭಿನಯಿಸಿಯೇ ಹೇಳುತ್ತಾರೆ. ಪೊಲೀಸಿನವರು ಪೆಟ್ಟಿಗೆ ಬಿಚ್ಚಿಸಿದರಂತೆ.

"ಏನ್ರೀ ಇದು? ಎರಡು ಬೂಟಿಗೆ ಮಧ್ಯ ಒಂದು ಸರಳು! ಇದನ್ನ ಹಾಕ್ಕೊಂಡು ಯಾರಾದ್ರೂ ನಡೆಯೋಕಾಗುತ್ತಾ?"

"ನಡೆಯೋಕಲ್ಲ ಸಾರ್, ಮಲಗೋಕೆ."

"ಮಲಗೋಕೆ ಬೂಟಾ? ನನ್ನ ಹತ್ರಾನೇ ತಮಾಷೆನಾ?"

"ನಾನು ರಸ್ತೆ ಮಧ್ಯೆ ಅಂಗಾತ ಮಲಗಿ, ಕಾಲು ಹೀಗೆ ಅಗಲಿಸಿ ತೋರಿಸಿದೆ," ಎಂದು ಯಜಮಾನರು ನಗುತ್ತಾರೆ. "ಆಮೇಲೆ ಅವರಿಗೂ ನಗು ಬಂತು. ದೊಡ್ಡೋರ ಅಳತೆಗೂ ನಾಲ್ಕು ಜೊತೆ ಹೊಲಿಸಿಕೊಡಿ, ಸುಮ್ಮನೆ ಬೀದಿ ಸುತ್ತೋರಿಗೆ ಹಾಕಿ ಕೂರಿಸ್ತೀವಿ ಅಂದ್ರು."

"ಅವತ್ತು ಷರ್ಟಿನ ಬೆನ್ನಿಗೆ ಹತ್ತಿದ ಡಾಂಬರು ಇವತ್ತಿಗೂ ಹೋಗಿಲ್ಲ," ಅಂತ ಬೂಟಕ್ಕ ಸೇರಿಸುತ್ತಾರೆ. "ಅದನ್ನ ಹೇಳಲ್ಲ ಇವರು."

ಹೀಗೆ ನಲವತ್ತಕ್ಕೂ ಹೆಚ್ಚು ಜೊತೆ ಬೂಟು ಮನೆಯ ಅಡುಗೆಕೋಣೆಯಲ್ಲೇ ತಯಾರಾಗಿ ಹೋದವು. ಒಳ್ಳೆಯ ಕೆಲಸವಾಯಿತು ಅಂತ ಎಲ್ಲರೂ ಅಂದುಕೊಂಡರು. ಬೂಟಕ್ಕನೂ ಅಂದುಕೊಂಡರು.

ಅವುಗಳಲ್ಲಿ ಒಂದು ಜೊತೆ ಚಿನಕುರುಳಿಗೆ ಹೋಗಿತ್ತು. ಅದು ಆ ಮಗುವಿಗೆ ವಿಭಾಗದವರೆಲ್ಲ ಸೇರಿ ಇಟ್ಟ ಹೆಸರು. ಪ್ಲಾಸ್ಟರ್ ಹಾಕುವಾಗ ಉಳಿದ ಕೂಸುಗಳು ಅತ್ತರೆ ಇದು ಮಾತಾಡುತ್ತಿತ್ತಂತೆ. ಮಾತು ಬರುವ ಮೊದಲೇ ಮಾತು. ತಾಯಿ ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದವರು, ತಂದೆ ಅದೇ ಹೋಟೆಲಿನಲ್ಲಿ ಬಡಿಸುತ್ತಿದ್ದವರು. ಹೋಟೆಲು ಮುಚ್ಚಿದ ದಿನ ಇಬ್ಬರ ಕೆಲಸವೂ ಒಟ್ಟಿಗೇ ಹೋಯಿತು. ಒಂದೇ ಕೋಣೆಯ ಮನೆ. ಅದರಲ್ಲಿ ಗಂಡ, ಹೆಂಡತಿ, ಅತ್ತೆ, ಹನ್ನೊಂದು ತಿಂಗಳ ಮಗು. ತಾಯಿ ಹೋಟೆಲಿನ ತಿಂಡಿಪಟ್ಟಿಯ ಬೆನ್ನಿಗೆ ಮಗುವಿನ ಪಾದದ ಗೆರೆ ಎಳೆದು ಕಳಿಸಿದರು. ಬೂಟು ಬಂತು. ತಾಯಿ ಪ್ರತಿ ಸಂಜೆ ಅದನ್ನು ಹಾಕಿ ಪಟ್ಟಿ ಬಿಗಿದರು.

ಮಗು ಚೀರುತ್ತಿತ್ತು. ಪಕ್ಕದ ಮನೆಯವರು ಗೋಡೆ ಗುದ್ದುತ್ತಿದ್ದರು. ಹಗಲೆಲ್ಲ ಕೆಲಸವಿಲ್ಲದೆ ಕೂತು ತಲೆ ಕೆಟ್ಟಿದ್ದ ಗಂಡ, "ಇವತ್ತೊಂದಿನ ಬಿಟ್ಟುಬಿಡೇ, ಕೈ ಮುಗೀತೀನಿ" ಅನ್ನುತ್ತಿದ್ದರು. ತಾಯಿ ಬಿಡಲಿಲ್ಲ. ಮಗುವನ್ನು ಬೂಟು ಸಮೇತ ತೊಡೆಯ ಮೇಲೆ ಹಾಕಿಕೊಂಡು, ಸರಳನ್ನು ಕೈಯಲ್ಲಿ ಹಿಡಿದು ತೊಟ್ಟಿಲ ಹಾಗೆ ತೂಗುತ್ತಾ ಮಲಗಿಸುತ್ತಿದ್ದರು.

ತಿಂಗಳುಗಳ ನಂತರ ವಿಭಾಗ ತೆರೆದಾಗ ಚಿನಕುರುಳಿ ನಡೆದುಕೊಂಡೇ ಬಂದಳು. ಬಲಗಾಲು ಸರಿಯಿತ್ತು. ಎಡಪಾದ ಒಳಕ್ಕೆ ತಿರುಗಿ, ಹೊರ ಅಂಚಿನ ಮೇಲೆ ಭಾರ ಬಿಡುತ್ತಿತ್ತು. ಅವತ್ತು ಡಾಕ್ಟರಮ್ಮ ಇನ್ನೂ ಜ್ವರದ ವಾರ್ಡಿನಲ್ಲಿದ್ದರು. ವಿಭಾಗದಲ್ಲಿ ಕೂತಿದ್ದ ಬೇರೆಯವರು ನೂರಾರು ಜನರ ಸಾಲಿನ ನಡುವೆ ಪಾದವನ್ನು ನೋಡಿದರು, ಮಗುವಿನ ಚಿಕಿತ್ಸೆಯ ಕಾರ್ಡಿನಲ್ಲಿ ಬರೆದರು: ಮನೆಯಲ್ಲಿ ಬೂಟು ಹಾಕಿಲ್ಲ, ತಾಯಿಯ ನಿರ್ಲಕ್ಷ್ಯ. ಮುಂದಿನ ವಾರ ಮತ್ತೆ ಪ್ಲಾಸ್ಟರಿಗೆ ಬರಬೇಕು. ಬರೆದದ್ದನ್ನು ಜೊತೆಗೆ ಬಂದಿದ್ದ ಅತ್ತೆಯ ಮುಂದೆಯೇ ಗಟ್ಟಿಯಾಗಿ ಓದಿಯೂ ಹೇಳಿದರು.

ತಾಯಿ ನೆಲಮಾಳಿಗೆಗೆ ಇಳಿದು ಬಂದು, ಬೂಟಿನ ಜೊತೆಯನ್ನು ಬೂಟಕ್ಕನ ಮೇಜಿನ ಮೇಲಿಟ್ಟು ಹೊರಟುಹೋದರು. ಮುಂದಿನ ವಾರ ಎರಡನೇ ಸಲ ಎಲ್ಲ ಮುಚ್ಚಿತು. ಆಮೇಲೆ ಅವರ ಫೋನು ಹತ್ತಲಿಲ್ಲ. ಕೋಣೆ ಖಾಲಿ ಮಾಡಿ ಹೋಗಿದ್ದರು.

ತಪ್ಪು ಎಲ್ಲಾಯಿತು ಅನ್ನುವುದು ತಿಳಿದದ್ದು ಮೂಳೆ ಡಾಕ್ಟರಮ್ಮ ತಮ್ಮ ವಿಭಾಗಕ್ಕೆ ಮರಳಿದ ಮೇಲೆ. ಒಂದಲ್ಲ, ಎರಡಲ್ಲ, ಒಂಬತ್ತು ಮಕ್ಕಳ ಪಾದ ಹಾಗೆ ಹಿಂದಕ್ಕೆ ಹೋಗಿತ್ತು. ಒಂಬತ್ತು ತಾಯಂದಿರೂ ಒಟ್ಟಿಗೇ ನಿರ್ಲಕ್ಷ್ಯ ಮಾಡಿದರೇ? ಡಾಕ್ಟರಮ್ಮನಿಗೆ ಅನುಮಾನ ಬಂತು. ಚಿನಕುರುಳಿಯ ಬೂಟನ್ನು ಎತ್ತಿಕೊಂಡು ಒಳಗೆ ಬೆರಳು ಹಾಕಿ ನೋಡಿದರು.

"ಅಕ್ಕಾ, ಇದರಲ್ಲಿ ಹಿಮ್ಮಡಿ ನೋಡೋ ಕಿಂಡಿ ಯಾಕಿಲ್ಲ?"

ಈ ಬೂಟುಗಳ ಹಿಂಬದಿಯಲ್ಲಿ ಎರಡು ಸಣ್ಣ ಕಿಂಡಿ ಇರುತ್ತವೆ. ಪಟ್ಟಿ ಬಿಗಿದ ಮೇಲೆ ಅದರಲ್ಲಿ ಮಗುವಿನ ಹಿಮ್ಮಡಿ ಕಾಣಬೇಕು. ಕಾಣದಿದ್ದರೆ ಪಾದ ಮೇಲಕ್ಕೆ ಜಾರಿದೆ ಅಂತ ಅರ್ಥ. ಆದರೆ ಕಿಂಡಿ ಹೊಡೆಯುವ ಯಂತ್ರ ಕಮ್ಮಟದಲ್ಲೇ ಉಳಿದಿತ್ತು. ಅದನ್ನು ಮನೆಗೆ ಒಯ್ಯುವುದು ಹೇಗೆ? ತೊಗಲು ಕೊಯ್ಯುವ ರಂಪಿಗೆಯಲ್ಲಿ ಕೊರೆದರೆ ಅಂಚು ಒರಟಾಗಿ ಎಳೆ ಚರ್ಮಕ್ಕೆ ಗೀರುತ್ತದೆ ಎಂದು ಬೂಟಕ್ಕ ಕಿಂಡಿಯನ್ನೇ ಬಿಟ್ಟಿದ್ದರು.

"ಕಿಂಡಿ ಇಲ್ಲದೆ ಇದ್ರೂ ಬೂಟು ಸರಿ ಇದ್ರೆ ಜಾರಬಾರದಲ್ವಾ?" ಡಾಕ್ಟರಮ್ಮ ಅಷ್ಟಕ್ಕೇ ಬಿಡಲಿಲ್ಲ. ಅವತ್ತು ಇನ್ನೊಂದು ಮಗುವಿನ ತಾಯಿ ಅಲ್ಲೇ ಕೂತಿದ್ದರು. ಅವರು ಕಳಿಸಿದ್ದ ಕ್ಯಾಲೆಂಡರಿನ ಹಾಳೆಯನ್ನು ಹುಡುಕಿ ತೆಗೆದು ಕೇಳಿದರು: "ಗೆರೆ ಎಳೆಯುವಾಗ ಪೆನ್ಸಿಲು ಪಾದಕ್ಕೆ ತಾಗಿತ್ತಾ?"

"ಅಯ್ಯೋ ಇಲ್ಲ ಡಾಕ್ಟ್ರೇ. ಸುತ್ತ ಒಂದು ಬೆರಳು ಬಿಟ್ಟೇ ಎಳೆದೆ. ಬೆಳೆಯೋ ಮಗು ಅಲ್ವಾ? ಇನ್ನು ಎಷ್ಟು ದಿನ ಬಾಗಿಲು ಹಾಕಿರ್ತಾರೋ ಯಾರಿಗೆ ಗೊತ್ತಿತ್ತು? ಒಂದಿಷ್ಟು ದಿನ ಜಾಸ್ತಿ ಬರಲಿ ಅಂತ."

ಅದನ್ನು ಕೇಳಿ ಬೂಟಕ್ಕ ಆ ಗೆರೆಯ ಪಕ್ಕ ತಮ್ಮ ಬೆರಳಿಟ್ಟು ತೋರಿಸಿದರು. "ನಾನೂ ಹಾಗೇ ಅಂದ್ಕೊಂಡಿದ್ದೆ ಡಾಕ್ಟರಮ್ಮ. ಬೆಳೆಯೋ ಪಾದ, ಮತ್ತೆ ಯಾವಾಗ ಅಳತೆ ಸಿಗುತ್ತೋ ಅಂತ, ಅವರು ಕಳಿಸಿದ ಗೆರೆಯಿಂದ ಆಚೆಗೆ ನಾನೂ ಒಂದು ಬೆರಳು ಬಿಟ್ಟು ಕತ್ತರಿಸಿದೆ."

ಅಂಗಿಯೋ ಲಂಗವೋ ಆಗಿದ್ದರೆ ಮಡಚಿ ಹೊಲಿದರೆ ಸರಿಹೋಗುತ್ತಿತ್ತು. ಬೆಳೆಯುವ ಮಕ್ಕಳಿಗೆ ದೊಡ್ಡದು ಹೊಲಿಸುವುದು ಯಾವ ತಾಯಿಗೂ ಯಾರೂ ಕಲಿಸಿಕೊಡಬೇಕಾದ ವಿಷಯವಲ್ಲ. ಪಾದವನ್ನು ಹಿಡಿದಿಡಬೇಕಾದ ಬೂಟಿನಲ್ಲಿ ಎರಡೂ ಬೆರಳು ಸೇರಿದ ಆ ಸಡಿಲವೇ ಮಗುವಿಗೆ ಮೋಸ ಮಾಡಿತು. ಪಟ್ಟಿ ಎಷ್ಟು ಬಿಗಿದರೂ ಒಳಗೆ ಹಿಮ್ಮಡಿ ಮೇಲಕ್ಕೆ ಸರಿದು, ಪಾದ ತನ್ನ ಹಳೆಯ ಜಾಗ ಹುಡುಕಿಕೊಂಡಿತು. ಹೊರಗಿನಿಂದ ನೋಡಿದರೆ ಬೂಟು ನೆಟ್ಟಗೇ ಕಾಣುತ್ತಿತ್ತು.

ಡಾಕ್ಟರಮ್ಮ ಚಿನಕುರುಳಿಯ ಬೂಟನ್ನು ಇನ್ನೊಮ್ಮೆ ತಿರುಗಿಸಿ ನೋಡಿದರು. ಪಟ್ಟಿಯ ಕೊನೆಯ ತೂತು ಎಳೆದೆಳೆದು ಉದ್ದವಾಗಿತ್ತು. ಬಕಲು ಕೂರುವ ಜಾಗದಲ್ಲಿ ತೊಗಲು ಕಪ್ಪಾಗಿ ಸವೆದಿತ್ತು. "ಇದನ್ನ ಒಂದು ದಿನವೂ ಬಿಟ್ಟಿಲ್ಲ ಆ ತಾಯಿ," ಅಂದರು. "ನಾವು ಬರೆದಿರೋದು ನೋಡಿದ್ರೆ!"

ಎಂಟು ಮಕ್ಕಳನ್ನು ಕರೆಸಿದರು, ಮತ್ತೆ ಪ್ಲಾಸ್ಟರ್ ಹಾಕಿದರು, ಹೊಸ ಬೂಟು ಹೊಲಿದರು. ಎಂಟೂ ಪಾದ ಸರಿಹೋದವು. ಒಂಬತ್ತನೆಯದು ಸಿಗಲಿಲ್ಲ. ಅಷ್ಟರಲ್ಲಿ ಡಾಕ್ಟರಮ್ಮನಿಗೆ ಬೇರೆ ಊರಿನ ಆಸ್ಪತ್ರೆಗೆ ವರ್ಗವಾಯಿತು. ಹೋಗುವ ಮುನ್ನ ಅವರು ಹೇಳಿದ ಮಾತು ಬೂಟಕ್ಕನ ಎದೆಯಲ್ಲಿ ಕೂತಿದೆ. ಮಗುವಿಗೆ ನಾಲ್ಕು ಐದು ವರ್ಷದ ತನಕ ಪಾದ ಪ್ಲಾಸ್ಟರಿಗೆ ಸುಲಭವಾಗಿ ಬಗ್ಗುತ್ತದೆ. ತಡವಾದಷ್ಟೂ ಮೂಳೆ ಗಟ್ಟಿ, ಆಮೇಲೆ ದೊಡ್ಡ ಆಪರೇಷನ್ನೇ ಗತಿ, ಅದಾದರೂ ಪಾದ ಮೊದಲಿನಷ್ಟು ಮೆದುವಾಗಿ ಉಳಿಯುವುದಿಲ್ಲ. ಚಿನಕುರುಳಿಗೆ ಈಗ ನಾಲ್ಕು ದಾಟಿದೆ.

ಶಾಲೆ ತೆರೆದು ವ್ಯಾನು ಮತ್ತೆ ರಸ್ತೆಗಿಳಿದ ಮೇಲೆ ಯಜಮಾನರು ಹೋದ ಕಡೆಯೆಲ್ಲ ವಿಚಾರಿಸಿದರು. ಕೊನೆಗೆ ಸುದ್ದಿ ಕೊಟ್ಟದ್ದು ಹಳೆಯ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದವರು: ಇಡೀ ಕುಟುಂಬ ದೂರದ ಒಂದು ಇಟ್ಟಿಗೆ ಗೂಡಿಗೆ ಕೆಲಸಕ್ಕೆ ಹೋಗಿದೆ. ಭಾನುವಾರ ವ್ಯಾನು ತೆಗೆದುಕೊಂಡು ಇಬ್ಬರೂ ಹೋದರು. ಮನೆಗೆ ಬೀಗ. ಮನೆಯವರೆಲ್ಲ ಗೂಡಿನ ಬಳಿ ಇದ್ದರು, ಕೆಲಸದ ಹೊತ್ತಿನಲ್ಲಿ ಒಳಗೆ ಬಿಡಲಿಲ್ಲ. ಪಕ್ಕದ ಮನೆಯವರ ಹತ್ತಿರ ಫೋನು ನಂಬರು ಕೊಟ್ಟು ಬಂದರು. ನಾಲ್ಕು ದಿನಕ್ಕೆ ಫೋನು ಬಂತು. ಆ ಫೋನಿನ ಮಾತನ್ನು ಬೂಟಕ್ಕ ಒಂದಕ್ಷರ ಬಿಡದೆ ಹೇಳುತ್ತಾರೆ.

"ಅಕ್ಕಾ, ಚೆನ್ನಾಗಿದೀರಾ? ಯಾಕೆ ಬಂದಿದ್ರಿ?"

"ಮಗೂನ ಕರ್ಕೊಂಡು ಬಾ ತಾಯಿ. ಕಾಲು ಇನ್ನೂ ಸರಿ ಮಾಡಬಹುದು. ನಿನ್ನದೇನೂ ತಪ್ಪಿಲ್ಲ ಕಣಮ್ಮ, ಬೂಟೇ ದೊಡ್ಡದಾಗಿತ್ತು. ನಾನೇ ದೊಡ್ಡದಾಗಿ ಹೊಲಿದಿದ್ದೆ."

ಅದಕ್ಕೆ ತಾಯಿ ಹೇಳಿದ್ದು ಇಷ್ಟು: "ನೀವು ಹೇಳ್ತೀರಿ, ನಾನು ಕೇಳ್ತೀನಿ. ನಮ್ಮನೇಲಿ ಯಾರು ಕೇಳ್ತಾರೆ? ಆ ಕಾರ್ಡು ನಮ್ಮತ್ತೆ ಪೆಟ್ಟಿಗೇಲಿದೆ ಅಕ್ಕ. ಯಾವ ಮಾತಿಗೆ ಜಗಳ ಬಂದ್ರೂ ಅದನ್ನ ತೆಗೀತಾರೆ. ಆಸ್ಪತ್ರೆಯವರೇ ಬರೆದುಕೊಟ್ಟಿದಾರೆ ನೋಡು, ಮಗೂನ ಕುಂಟಿ ಮಾಡಿದೋಳು ನೀನೇ ಅಂತಾರೆ. ಮತ್ತೆ ಅದೇ ಆಸ್ಪತ್ರೆಗೆ ಹೋಗಿ ಬೈಸ್ಕೊಂಡು ಬರ್ತೀಯಾ ಅಂತಾರೆ. ಇವರೂ ಕಳಿಸಲ್ಲ. ಬಾಯಲ್ಲಿ ಹೇಳಿದ್ದು ಗಾಳೀಲಿ ಹೋಗುತ್ತೆ ಅಕ್ಕ. ಬರೆದಿದ್ದನ್ನ ಯಾರು ಅಳಿಸ್ತಾರೆ?"

ಅಲ್ಲಿಂದ ಬೂಟಕ್ಕನಿಗೆ ಬೇಕಾದದ್ದು ಒಂದೇ ಕಾಗದ. ಆಸ್ಪತ್ರೆಯ ಹೆಸರಿರುವ, ಮೊಹರು ಇರುವ, ಕಾರ್ಡಿನಲ್ಲಿ ಬರೆದದ್ದು ತಪ್ಪು ಅಂತ ಹೇಳುವ ಕಾಗದ.

ಆಫೀಸಿನಲ್ಲಿ ಕಾಗದವೇನೋ ಸುಲಭವಾಗಿ ಸಿಕ್ಕಿತು. ಚಿಕಿತ್ಸೆ ಬಿಟ್ಟು ಹೋದವರಿಗೆ ಕಳಿಸುವ ಅಚ್ಚು ಹಾಕಿಸಿದ ಪತ್ರ. ಅದರಲ್ಲಿ "ಪೋಷಕರ ನಿರ್ಲಕ್ಷ್ಯದಿಂದ ಚಿಕಿತ್ಸೆ ನಿಂತಿರುವುದರಿಂದ" ಎಂಬ ಸಾಲು ಮೊದಲೇ ಇತ್ತು. ಗುಮಾಸ್ತರು ಹೆಸರು, ವಿಳಾಸ ತುಂಬಿ, ಮೊಹರು ಒತ್ತಿ ಕೊಡಲು ಬಂದರು. ಬೂಟಕ್ಕ ಕೈ ಚಾಚಲಿಲ್ಲ.

"ಈ ಸಾಲು ತೆಗೀರಿ ಸಾರ್."

"ಅಕ್ಕ, ಅಚ್ಚಾಗಿರೋದನ್ನ ನಾನು ಹೇಗೆ ತೆಗೀಲಿ? ಇದು ಎಲ್ರಿಗೂ ಹೋಗೋದು. ಅಷ್ಟೊಂದು ಯಾರು ಓದ್ತಾರೆ, ಸುಮ್ಮನೆ ಕಳಿಸಿ."

"ಅವರತ್ತೆ ಓದ್ತಾರೆ."

ಹಾಗಾದರೆ ಬೂಟು ದೊಡ್ಡದಾಗಿತ್ತು ಅಂತ ಬೇರೆ ಪತ್ರ ಬರೆಯಿರಿ ಅಂದರೆ, ಅದಕ್ಕೆ ಮೇಲಿನವರ ಸಹಿ ಬೇಕು. ಮೇಲಿನವರು ನೋಡೋಣ ಅಂದರು. ನೋಡೋಣ ಅನ್ನುವುದರಲ್ಲೇ ತಿಂಗಳುಗಳು ಹೋದವು. ಗುಮಾಸ್ತರು ಕೆಟ್ಟವರಲ್ಲ, ಒಂದು ದಿನ ಬಾಗಿಲ ಹೊರಗೆ ಕರೆದು ಮೆಲ್ಲಗೆ ಹೇಳಿದರಂತೆ: "ನೋಡಿ ಅಕ್ಕ, ಬೂಟೇ ಸರಿ ಇರಲಿಲ್ಲ ಅಂತ ಆಸ್ಪತ್ರೆ ಬರೆದುಕೊಟ್ರೆ ನಾಳೆ ಹೊಲಿದೋರು ಯಾರು ಅಂತ ಬರುತ್ತೆ. ನಿಮ್ಮ ಗುತ್ತಿಗೆ ಮುಗಿಯೋದು ಈ ವರ್ಷಾನೇ. ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೋಬೇಡಿ."

ಆಗ ಏನು ಹೇಳಿದಿರಿ ಎಂದು ನಾನು ಕೇಳಿದರೆ ಬೂಟಕ್ಕ ಅಚ್ಚಿನ ಮೇಲಿನ ತೊಗಲನ್ನು ಒಮ್ಮೆ ಒತ್ತಿ ನೋಡುತ್ತಾರೆ. "ಹೊಲಿದೋರು ಯಾರು ಅಂತ ಕೇಳಲಿ, ನಾನೇ ಅಂತೀನಿ ಅಂದೆ. ಇಪ್ಪತ್ತೆರಡು ವರ್ಷದಲ್ಲಿ ಇದನ್ನ ಹೊಲಿದೋರು ಯಾರು ಅಂತ ಒಬ್ಬರೂ ಕೇಳಿಲ್ಲ. ಈಗಾದ್ರೂ ಕೇಳ್ತಾರಲ್ಲ."

"ಮನೇಲಿ ಹೀಗೇ ಮಾತಾಡ್ತಾಳೆ ನೋಡಿ," ಅನ್ನುತ್ತಾರೆ ಯಜಮಾನರು. ಆದರೆ ಅವರು ನಗುತ್ತಿಲ್ಲ.

ನೀವೇ ಒಂದು ಕಾಗದ ಬರೆದು ಕಳಿಸಬಹುದಿತ್ತಲ್ಲ ಎಂದು ಕೇಳಿದರೆ ಬೂಟಕ್ಕನ ಉತ್ತರ: "ಕಳಿಸಬಹುದಿತ್ತು. ಬೂಟು ಹೊಲಿಯೋಳು ಬರೆದ ಕಾಗದ ಅಂತ ಅವರತ್ತೆ ಒಲೆಗೆ ಹಾಕ್ತಿದ್ರು. ಮೊಹರಿಗೆ ಮೊಹರೇ ಬೇಕು. ಅವಳು ತಪ್ಪು ಮಾಡಿದಾಳೆ ಅಂದೋರು ಯಾರೋ, ಮಾಡಿಲ್ಲ ಅನ್ನೋರೂ ಅವರೇ ಆಗ್ಬೇಕು."

ಈಚೆಗೆ ಮೂಳೆ ಡಾಕ್ಟರಮ್ಮ ಅದೇ ಆಸ್ಪತ್ರೆಗೆ ಮರಳಿದರು, ಈಗ ವಿಭಾಗದ ಮುಖ್ಯಸ್ಥರಾಗಿ. ಬಂದ ದಿನವೇ ಬೂಟಕ್ಕ ಹೋಗಿ ಅವರ ಬಾಗಿಲಲ್ಲಿ ನಿಂತರು. ಡಾಕ್ಟರಮ್ಮನಿಗೆ ನೆನಪಿಸಬೇಕಾದದ್ದೇನೂ ಇರಲಿಲ್ಲ. ಚಿನಕುರುಳಿ ಸಿಕ್ಕಿದಳಾ ಅಂತ ಅವರೇ ಮೊದಲು ಕೇಳಿದರು. ಕೇಳಿದ್ದಕ್ಕೆ ಉತ್ತರವಾಗಿ ಬೂಟಕ್ಕ ಫೋನಿನ ಮಾತನ್ನೆಲ್ಲ ಒಪ್ಪಿಸಿದರು. ಡಾಕ್ಟರಮ್ಮ ಮೇಲಿನವರ ಕೋಣೆಗೆ ಹೋದರು. ಒಳಗೆ ಏನು ಮಾತಾಯಿತೋ ಬೂಟಕ್ಕನಿಗೆ ಗೊತ್ತಿಲ್ಲ. ದನಿ ಮಾತ್ರ ಹೊರಗಿನ ಬೆಂಚಿನ ತನಕ ಕೇಳಿತಂತೆ.

ಪತ್ರವನ್ನು ಡಾಕ್ಟರಮ್ಮ ತಮ್ಮ ಕೈಯಲ್ಲೇ ಬರೆದಿದ್ದಾರೆ, ಅತ್ತೆಗೂ ಅರ್ಥವಾಗುವ ಮಾತಿನಲ್ಲಿ. ಮಗುವಿನ ತಾಯಿ ಪ್ರತಿದಿನವೂ ತಪ್ಪದೆ ಬೂಟು ಹಾಕಿದ್ದಾರೆ. ಬೂಟಿನ ಅಳತೆ ದೊಡ್ಡದಾಗಿದ್ದರಿಂದ ಪಾದ ಜಾರಿದೆ. ನಮ್ಮ ಕಾರ್ಡಿನಲ್ಲಿ ಬರೆದಿದ್ದ ಮಾತು ತಪ್ಪು, ಅದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇವೆ. ಇಂಥ ತಾಯಿ ಇದ್ದುದರಿಂದಲೇ ಮಗುವಿನ ಬಲಗಾಲು ಉಳಿದಿದೆ. ಎಡಗಾಲನ್ನು ಸರಿಮಾಡಲು ನಮಗೆ ಇನ್ನೊಂದು ಅವಕಾಶ ಕೊಡಿ, ತಡಮಾಡದೆ ಕರೆದುಕೊಂಡು ಬನ್ನಿ. ಕೆಳಗೆ ಸಹಿ, ಅದರ ಪಕ್ಕದಲ್ಲಿ ದುಂಡನೆಯ ನೇರಳೆ ಮೊಹರು.

"ಹೊಲಿದವರ ಹೆಸರು ಹಾಕಿಲ್ಲ ಡಾಕ್ಟರಮ್ಮ," ಅಂದಿದ್ದಾರೆ ಬೂಟಕ್ಕ.

"ಕಾರ್ಡಿನಲ್ಲಿ ಬರೆದೋರ ಹೆಸರೂ ಹಾಕಿಲ್ಲ ಅಕ್ಕ. ಆಸ್ಪತ್ರೆ ತಪ್ಪು, ಆಸ್ಪತ್ರೆ ಬರೀತಿದೆ."

ಈ ಬೆಳಿಗ್ಗೆ, ತೊಗಲು ಅಚ್ಚಿನ ಮೇಲೆ ಒಣಗಲಿ ಅಂತ ಬಿಟ್ಟು, ಕೈ ತೊಳೆದುಕೊಂಡು, ಬೂಟಕ್ಕ ಅಂಚೆ ಕಚೇರಿಗೆ ಹೊರಟಿದ್ದಾರೆ. ಮಕ್ಕಳನ್ನು ಶಾಲೆಗೆ ಬಿಟ್ಟು ಬಂದ ಯಜಮಾನರು ವ್ಯಾನಿನಲ್ಲಿ ಕರೆದೊಯ್ಯುತ್ತಾರೆ. ಲಕೋಟೆಯ ಅಂಟು ಸಾಲದೆನ್ನಿಸಿ ಬೂಟಕ್ಕ ಅಟ್ಟೆ ಅಂಟಿಸುವ ಗೋಂದನ್ನೇ ಬಳಿದಿದ್ದಾರೆ. ವ್ಯಾನು ತುಂಬ ಅದರ ವಾಸನೆ.

"ಇದನ್ನ ಬಿಚ್ಚೋಕೆ ರಂಪಿಗೇನೂ ಜೊತೆಗೇ ಕಳಿಸಬೇಕು," ಎನ್ನುತ್ತಾರೆ ಯಜಮಾನರು.

"ಪಕ್ಕದಲ್ಲಿ ಹರೀರಿ ಅಂತ ಮೇಲೇ ಬರೆದಿದೀನಿ. ನೀವು ರಸ್ತೆ ನೋಡಿ."

ಅಂಚೆ ಕಚೇರಿಯ ಕೌಂಟರಿನಲ್ಲಿ ಕನ್ನಡಕದ ಹೆಣ್ಣುಮಗಳು ಲಕೋಟೆಯನ್ನು ತಿರುಗಿಸಿ ಮೂಗರಳಿಸಿ ಮೂಸುತ್ತಾರೆ. "ಏನಮ್ಮಾ ಇದರೊಳಗೆ? ಚಪ್ಪಲಿನಾ?"

"ಕಾಗದ ಅಷ್ಟೇ ಕಣಮ್ಮ. ರಿಜಿಸ್ಟರ್ ಮಾಡು. ಅವರ ಕೈಗೇ ಸೇರಬೇಕು."

"ಯಾರ ಕೈಗೆ? ತಾಯಿ ಹೆಸರೂ ಬರೆದಿದೀರಿ, ಅತ್ತೆ ಹೆಸರೂ ಬರೆದಿದೀರಿ. ಒಬ್ಬರ ಹೆಸರು ಸಾಕಲ್ವಾ?"

"ಇಬ್ಬರದೂ ಇರಲಿ. ಒಟ್ಟಿಗೇ ಓದಲಿ."

ಹೆಣ್ಣುಮಗಳು ತೂಕ ಮಾಡಿ, ಚೀಟಿ ಅಂಟಿಸಿ, ದಿನಾಂಕದ ಮುದ್ರೆ ಎತ್ತುತ್ತಾರೆ. ಚಿನಕುರುಳಿಯ ಮನೆಯವರು ಬಂದರೆ ಸರಿ, ಬರದೇ ಹೋದರೆ ಏನು ಮಾಡುತ್ತೀರಿ ಎಂದು ನಾನು ಕೇಳುತ್ತೇನೆ. ಬೂಟಕ್ಕ ಕೌಂಟರಿನ ಕಂಬಿ ಹಿಡಿದು, ಲಕೋಟೆಯ ಮೇಲಿಂದ ಕಣ್ಣು ತೆಗೆಯದೆ ಹೇಳುತ್ತಾರೆ: "ಬರಲಿ ಅಂತ ಆಸೆ ಇದೆ, ನಾಲ್ಕು ವರ್ಷದ ಕಾಲಿಗೆ ಆಗೋ ಅಚ್ಚನ್ನ ಆಗ್ಲೇ ತೆಗೆದಿಟ್ಟಿದೀನಿ. ಬರೋದು ಬಿಡೋದು ಅವರ ಮನೆಯೋರಿಗೆ ಬಿಟ್ಟಿದ್ದು. ಆದ್ರೆ ಇನ್ಮೇಲೆ ಆ ಪೆಟ್ಟಿಗೇಲಿ ಆ ಕಾರ್ಡು ಒಂದೇ ಇರಬಾರದು."

ಮುದ್ರೆ ಬೀಳುತ್ತದೆ. ಹೆಣ್ಣುಮಗಳು ಲಕೋಟೆಯನ್ನು ಹಿಂದೆ ಬಾಯಿ ತೆರೆದು ನಿಂತ ಚೀಲಕ್ಕೆ ಹಾಕಿ, ಮುಂದಿನವರನ್ನು ಕರೆಯುತ್ತಾರೆ.